ಎರಡೂ ಸ್ವಲ್ಪ ಸ್ವಲ್ಪ

ಸ್ಕೈರಿಮ್ ಎಂಬ ವಿಡಿಯೊ ಗೇಮ್‌ನಲ್ಲಿ ಆಟ ಶುರುವಾದ ಸ್ವಲ್ಪ ಹೊತ್ತಿಗೆ ದಾರಿಯ ಪಕ್ಕದಲ್ಲಿ ಮೂರು ಕಲ್ಲುಗಳು ಸಿಗುತ್ತವೆ. ಒಂದು ಯೋಧನದು, ಒಂದು ಮಾಂತ್ರಿಕನದು, ಇನ್ನೊಂದು ಕಳ್ಳನದು. ಯಾವುದನ್ನು ಮುಟ್ಟುತ್ತೀರೋ ಆ ಕಸುಬಿನ ವಿದ್ಯೆಗಳು ಶೇಕಡಾ 20ರಷ್ಟು ಬೇಗ ಹತ್ತುತ್ತವೆ. ಸಂಸಾರವಂದಿಗರು ಒಂದನ್ನು ಮುಟ್ಟಿ ಮುಂದೆ ಹೋಗುತ್ತಾರೆ. ಇನ್ನು ಕೆಲವರು ಯೋಧನ ಕಲ್ಲಿನ ಕಡೆ ಎರಡು ಹೆಜ್ಜೆ, ಮಾಂತ್ರಿಕನ ಕಲ್ಲಿನ ಕಡೆ ಎರಡು ಹೆಜ್ಜೆ ಹಾಕುತ್ತ, ಬಡಿಸಿಟ್ಟ ಅನ್ನ ಆರಿಹೋಗುವ ತನಕ ಅಲ್ಲೇ ಸುತ್ತುತ್ತಾರೆ. ಅಂಥವರಲ್ಲಿ ಒಬ್ಬ ನಮ್ಮ ಮನೆಯಲ್ಲೇ ಇದ್ದಾನೆ. ಹೆಂಡತಿಯ ತಮ್ಮ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ರೂಮು ಸಿಗುವವರೆಗೆ ಇರುತ್ತೇನೆ ಅಂತ ಬಂದ. ರೂಮು ಹುಡುಕುವುದರಲ್ಲೂ ಅವನದು ಇದೇ ಕಥೆ: ಆಫೀಸಿಗೂ ಹತ್ತಿರ ಇರಬೇಕು, ಬಾಡಿಗೆಯೂ ಕಡಿಮೆ ಇರಬೇಕು.

ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಬೆಂಕಿ. ಈ ಜನರ ಧ್ಯಾನಶ್ಲೋಕ ಇಷ್ಟೇ. ಆಡುವವರ ನಡುವೆ ಇಂಥ ಪಾತ್ರಕ್ಕೆ ಸ್ಪೆಲ್‌ಸ್ವೋರ್ಡ್ ಅಂತಲೋ ಬ್ಯಾಟಲ್‌ಮೇಜ್ ಅಂತಲೋ ಹೆಸರು. ಆಸೆ ಹೊಸದಲ್ಲ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಕಾಗದ, ಪೆನ್ಸಿಲ್, ದಾಳ ಇಟ್ಟುಕೊಂಡು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದಾಗಲೇ ಮಾಂತ್ರಿಕರು ಕವಚ ತೊಡಬಾರದು ಎಂದು ವಿಧಿಸಿದ್ದರು. ಎಲ್ಫ್ ಎಂಬ ಕುಲದವರಿಗೆ ಮಾತ್ರ ರಿಯಾಯಿತಿ: ಒಂದು ದಿನದ ಆಟಕ್ಕೆ ಯೋಧರಾಗಿ, ಇನ್ನೊಂದು ದಿನಕ್ಕೆ ಮಾಂತ್ರಿಕರಾಗಿ ಬರಬಹುದು. ಬಾಗಿಲು ಒಂದಿಷ್ಟು ತೆರೆದರೆ ಸಾಕಲ್ಲ, ನನ್ನ ಭಾವಮೈದನ ಪೂರ್ವಿಕರು ಅವತ್ತೇ ಕಾಲು ತೂರಿಸಿರಬೇಕು.

ಅವನ ಬೇರೆ ಗುಣಗಳನ್ನು ನಾನು ಸಹಿಸಬಲ್ಲೆ. ಚಪಾತಿ ಬೇಕೋ ಅನ್ನ ಬೇಕೋ ಅಂದರೆ "ಎರಡೂ ಸ್ವಲ್ಪ ಸ್ವಲ್ಪ" ಅನ್ನುತ್ತಾನೆ. ಹೋಟೆಲಿಗೆ ಹೋದರೆ ಚೌಚೌ ಬಾತ್ ಬಿಟ್ಟು ಬೇರೆ ಹೇಳಿದ್ದೇ ಇಲ್ಲ. ಪಾತ್ರದ ಲೆಕ್ಕಕ್ಕೆ ಎಕ್ಸೆಲ್ ಶೀಟ್ ಇಟ್ಟಿದ್ದಾನೆ. ನಮ್ಮ ಮನೆಯ ಸಾಲದ ಕಂತಿನ ಶೀಟ್‌ಗಿಂತ ಅದು ಅಚ್ಚುಕಟ್ಟು. ಇವೆಲ್ಲ ಇರಲಿ. ಸಹಿಸಲಾಗದ್ದು ಒಂದೇ, ಆ ಗಾಡಿ.

ಸ್ಕೈರಿಮ್ ಬಂದದ್ದು 2011ರ ನವೆಂಬರ್ 11ಕ್ಕೆ. ಆರಂಭದಲ್ಲಿ ಕೈ ಕಟ್ಟಿಸಿಕೊಂಡ ಕೈದಿಗಳ ಕುದುರೆಗಾಡಿಯೊಂದು ಹೆಲ್ಗೆನ್ ಎಂಬ ಊರಿಗೆ ಇಳಿದು ಬರುತ್ತದೆ. ಗಾಡಿಯಲ್ಲಿ ನಾವು, ಒಬ್ಬ ಬಂಡುಕೋರ, ಬಾಯಿಗೂ ಬಟ್ಟೆ ಬಿಗಿಸಿಕೊಂಡ ಅವನ ನಾಯಕ, ಲೋಕಿರ್ ಎಂಬ ಬಡಪಾಯಿ ಕುದುರೆಕಳ್ಳ. ಊರು ಮುಟ್ಟಿದ ಮೇಲೆ ಲೋಕಿರ್ ಹೆದರಿ ಓಡುತ್ತಾನೆ, ಸೈನಿಕರು ಬಾಣ ಬಿಡುತ್ತಾರೆ, ಬೀಳುತ್ತಾನೆ. ಆಮೇಲೆ ನೀನು ಯಾರು ಅಂತ ನಮ್ಮನ್ನು ಕೇಳುತ್ತಾರೆ. ಆಗ 10 ಕುಲಗಳಲ್ಲಿ ಒಂದನ್ನು ಆರಿಸಿ, ಮೂಗು ಮೀಸೆ ತಿದ್ದಿ, ಪಾತ್ರ ಮಾಡಿಕೊಳ್ಳಬೇಕು. ತಲೆ ಕಡಿಯುವ ಹೊತ್ತಿಗೆ ಸರಿಯಾಗಿ ಡ್ರ್ಯಾಗನ್ ಬಂದು ಎಲ್ಲವನ್ನೂ ಸುಡುತ್ತದೆ. ಒಮ್ಮೆ ನೋಡಲು ಸೊಗಸಾಗಿದೆ. ಆದರೆ ನಮ್ಮವನು ಲೆವೆಲ್ ಏರಿದಾಗ ಆರಿಸಿಕೊಳ್ಳುವ ಪರ್ಕ್ ಎಂಬ ವರವೊಂದನ್ನು ತಪ್ಪಾಗಿ ತೆಗೆದುಕೊಂಡೆ ಅನ್ನಿಸಿದ ಕೂಡಲೇ ಪಾತ್ರವನ್ನೇ ಅಳಿಸಿ ಮೊದಲಿನಿಂದ ಶುರು ಮಾಡುವವನು. ಟೀವಿ ಇರುವುದು ಹಾಲ್‌ನಲ್ಲಿ. ಹೀಗಾಗಿ ಮನೆಮಂದಿಯೆಲ್ಲ ಆ ಗಾಡಿಯಲ್ಲಿ ಹೆಲ್ಗೆನ್‌ಗೆ ಹೋಗಿಬಂದಷ್ಟು ಸಲ ಮಂತ್ರಾಲಯಕ್ಕೂ ಹೋಗಿಲ್ಲ.

ನಮ್ಮ ಅತ್ತೆಗೆ ಆಟ ಅರ್ಥವಾಗುವುದಿಲ್ಲ, ಲೋಕಿರ್ ಅರ್ಥವಾಗುತ್ತಾನೆ.

"ಈ ಸಲನಾದ್ರೂ ಓಡ್ಬೇಡ ಅಂತ ಆ ಹುಡುಗನಿಗೆ ಹೇಳೋ."

"ಆಗಲ್ಲಮ್ಮ, ನನ್ನ ಕೈ ಕಟ್ಟಿದಾರೆ."

"ಬಾಯಿ ಕಟ್ಟಿಲ್ಲವಲ್ಲ!"

ಗಾಡಿಯ ಸದ್ದು ಕೇಳಿದರೆ ಸಾಕು, ಅವರು ಒಗ್ಗರಣೆ ಸೌಟು ಹಿಡಿದೇ ಅಡುಗೆಮನೆಯ ಬಾಗಿಲಿಗೆ ಬರುತ್ತಾರೆ. "ಹೋದನಾ?" "ಹೋದ." ಲೊಚಗುಟ್ಟಿ ಒಳಗೆ ಹೋಗುತ್ತಾರೆ. ಒಂದು ಸಂಜೆ ಗಾಡಿ ಊರ ಬಾಗಿಲು ದಾಟುವಾಗಲೇ ಕರೆಂಟ್ ಹೋಯಿತು. "ಇವತ್ತು ಉಳ್ಕೊಂಡ ನೋಡಿ" ಅಂದರು ಅತ್ತೆ. ಆ ರಾತ್ರಿ ಪಾಯಸ ಆಗಲಿಲ್ಲ ಅನ್ನುವುದೊಂದು ಬಿಟ್ಟರೆ ಉಳಿದ ಸಂಭ್ರಮವೆಲ್ಲ ಇತ್ತು.

"ಗಾಡಿ ದಾಟಿದ ಮೇಲೆ ಒಂದು ಸೇವ್ ಇಟ್ಕೊಂಡು ಅಲ್ಲಿಂದ ಆಡಬಾರದೇನೋ?" ಅಂತ ಕೇಳಿದೆ.

"ಅದು ಹಳೇ ಪಾತ್ರದ ಸೇವ್ ಆಗುತ್ತೆ ಭಾವ. ಮೈಲಿಗೆ."

ಅವನ ಕಷ್ಟದ ಬೇರು ಆಟದ ಲೆಕ್ಕದಲ್ಲೇ ಇದೆ, ಅದನ್ನೂ ಹೇಳಬೇಕು. ಪ್ರತಿ ಲೆವೆಲ್‌ಗೆ 10 ಪಾಯಿಂಟ್ ಸಿಗುತ್ತದೆ. ಆರೋಗ್ಯಕ್ಕೆ ಹಾಕಿ, ಮಂತ್ರಶಕ್ತಿಗೆ ಹಾಕಿ, ದಮ್ಮಿಗೆ ಹಾಕಿ, ನಿಮ್ಮಿಷ್ಟ. ಯೋಧ ಆರೋಗ್ಯಕ್ಕೆ ಸುರಿಯುತ್ತಾನೆ, ಮಾಂತ್ರಿಕ ಮಂತ್ರಶಕ್ತಿಗೆ. ನಮ್ಮವನು ದಾಯಾದಿಗಳಿಗೆ ಹೊಲ ಹಂಚಿದ ಹಾಗೆ ಮೂರಕ್ಕೂ ಸಮ ಹಂಚುತ್ತಾನೆ. ಮೇಲಾಗಿ ಅಲ್ಲಿರುವ 18 ವಿದ್ಯೆಗಳಲ್ಲಿ ಯಾವುದನ್ನು ಬೆಳೆಸಿದರೂ ಲೆವೆಲ್ ಏರುತ್ತದೆ. ಲೆವೆಲ್ ಏರಿದ ಹಾಗೆಲ್ಲ ಎದುರಾಳಿಗಳೂ ಬಲಿಯುತ್ತಾರೆ. ಕಮ್ಮಾರಿಕೆ, ಮದ್ದು ಅರೆಯುವುದು, ಬೀಗ ಬಿಡಿಸುವುದು, ಅಂಗಡಿಯಲ್ಲಿ ಚೌಕಾಸಿ ಎಲ್ಲವನ್ನೂ ಚೂರುಚೂರು ಕಲಿತ ಇವನ ಲೆವೆಲ್ ಮೂವತ್ತು ದಾಟುವ ಹೊತ್ತಿಗೆ ಗೋರಿಗಳಿಂದ ಡೆತ್‌ಲಾರ್ಡ್ ಎಂಬ ಭಯಂಕರ ಹೆಣಗಳು ಎದ್ದು ಬರತೊಡಗುತ್ತವೆ. ಇವನ ಕತ್ತಿ ಇನ್ನೂ ಹತ್ತನೇ ಲೆವೆಲ್ಲಿನದು. ಬೆಂಕಿಯ ಮಂತ್ರದ ಅಭ್ಯಾಸ ಹೆಚ್ಚಿದರೆ ಖರ್ಚು ಇಳಿಯುತ್ತದೆಯೇ ಹೊರತು ಬಿಸಿ ಏರುವುದಿಲ್ಲ. ಬಿಸಿಗೆ ಬೇರೆ ಪರ್ಕ್ ಬೇಕು, ಆ ಪರ್ಕ್ ಕತ್ತಿಗೆ ಹೋಗಿದೆ.

ಒಮ್ಮೆ ಅಂಥ ಹೆಣವೊಂದು ಕೂಗಿದ ಕೂಗಿಗೆ ಇವನ ಕತ್ತಿ ಕೈಯಿಂದ ಹಾರಿ ಎಲ್ಲಿಗೋ ಹೋಯಿತು. ಎಡಗೈ ಎತ್ತಿದ, ಮಂತ್ರಶಕ್ತಿ ಸೊನ್ನೆ. ಎರಡೂ ಕೈ ಖಾಲಿ. ಆಗ ಆಟ ನಿಲ್ಲಿಸಿ ಚೀಲ ತೆರೆದ. ಚೀಲ ತೆರೆದಾಗ ಶತ್ರು ಎತ್ತಿದ ಕೊಡಲಿ ಎತ್ತಿದಲ್ಲೇ ನಿಲ್ಲುತ್ತದೆ, ಅದು ಆ ಲೋಕದ ಮರ್ಯಾದೆ. ಕೊಡಲಿಯ ಕೆಳಗೆ ನಿಂತುಕೊಂಡು ಇವನು ಒಂದೊಂದೇ ಎಲೆಕೋಸು, ಹಸಿ ಆಲೂಗೆಡ್ಡೆ, ಬಂಡಿಗಾಲಿ ಗಾತ್ರದ ಚೀಸ್ ತಿನ್ನುತ್ತ ಹೋದ. "ನಮ್ಮನೇಲಿ ಎಲೆಕೋಸಿನ ಪಲ್ಯ ಮುಟ್ಟಲ್ಲ" ಅಂದಳು ಅವನ ಅಕ್ಕ. ಅಷ್ಟೂ ತಿಂದು ಚೀಲ ಮುಚ್ಚಿದ. ಕೊಡಲಿ ಇಳಿಯಿತು. ಸ್ವಲ್ಪ ಹೊತ್ತಿಗೆ ಗಾಡಿಯ ಸದ್ದು ಕೇಳಿಸಿತು. ಅತ್ತೆ ಬಾಗಿಲಿಗೆ ಬಂದರು.

ಒಂದನ್ನು ಬಿಡು ಮಾರಾಯ ಅಂದರೆ ಮಹಾಭಾರತ ಎಳೆದು ತರುತ್ತಾನೆ. "ದ್ರೋಣಾಚಾರ್ಯರು ಬ್ರಾಹ್ಮಣರಲ್ವಾ? ಬಿಲ್ಲು ಹಿಡೀಲಿಲ್ವಾ? ಪರಶುರಾಮರು? ಅಸ್ತ್ರ ಅಂದ್ರೇನೇ ಬಾಣದ ಮೇಲೆ ಮಂತ್ರ, ಭಾವ. ನಮ್ಮೋರೆಲ್ಲಾ ಹೈಬ್ರಿಡ್ಡೇ." ವಾದಕ್ಕೆ ಉತ್ತರ ಹೊಳೆಯದೆ, "ಕರ್ಣನಿಗೂ ಹೊತ್ತಿಗೆ ಸರಿಯಾಗಿ ಮಂತ್ರ ಮರೆತುಹೋಯ್ತು" ಅಂದೆ. "ಅದು ಶಾಪ. ನಂದು ರೀಜೆನ್ ಪ್ರಾಬ್ಲಮ್, ಮಂತ್ರಶಕ್ತಿ ಮತ್ತೆ ತುಂಬೋದು ನಿಧಾನ" ಅಂದ. ಗಂಭೀರವಾಗಿಯೇ.

ಅಷ್ಟು ಮಾತಾಡ್ತೀರಲ್ಲ, ನೀವೇ ಆಡಿ ಅಂತ ಒಂದು ಭಾನುವಾರ ಕಂಟ್ರೋಲರ್ ನನ್ನ ಕೈಗೆ ತುರುಕಿದ. ನಾನು ಕತ್ತಿಯ ವೀರನಾಗಬೇಕೆಂದೇ ಹೊರಟೆ. ಊಟದ ಹೊತ್ತಿಗೆ ನೋಡಿದರೆ ಕತ್ತಲ ಮೂಲೆಯೊಂದರಲ್ಲಿ ಕುಕ್ಕರುಗಾಲಲ್ಲಿ ಕೂತು, ಯಾರಿಗೂ ಕಾಣದ ಹಾಗೆ, ಬೆನ್ನು ತಿರುಗಿಸಿದವರಿಗೆ ಬಾಣ ಬಿಡುತ್ತಿದ್ದೆ. ಹಾಗೆ ಬಿಟ್ಟರೆ ಎರಡು ಪಟ್ಟು ಪೆಟ್ಟು. ಈ ಆಟದಲ್ಲಿ ಯಾವ ವ್ರತ ಹಿಡಿದು ಹೊರಟರೂ ಕೊನೆಗೆ ಹೀಗೇ ಆಗುತ್ತಾರೆ ಎಂಬುದು ಆಡುವವರ ನಡುವಿನ ಹಳೆಯ ನಗೆಮಾತಂತೆ. ನನಗೆ ಆಶ್ಚರ್ಯ ಆಗಲಿಲ್ಲ. ಹಾಸ್ಯ ಬರೆಯುವವನು ಜೀವಮಾನವಿಡೀ ಮಾಡುವುದು ಇದನ್ನೇ ತಾನೆ.

2022ರಲ್ಲಿ ಎಲ್ಡನ್ ರಿಂಗ್ ಎಂಬ ಇನ್ನೊಂದು ಆಟ ಬಂತು, ಅವನ ಸಂಕಟ ಇನ್ನಷ್ಟು ವೈಭವದಿಂದ ಮುಂದುವರಿಯಿತು. ಅಲ್ಲೊಂದು ಕತ್ತಿ ಇದೆ, ಸ್ವೋರ್ಡ್ ಆಫ್ ನೈಟ್ ಅಂಡ್ ಫ್ಲೇಮ್. ಎತ್ತಬೇಕಾದರೆ ಬಲ 12, ಚಾತುರ್ಯ 12, ಬುದ್ಧಿ 24, ಭಕ್ತಿ 24 ಬೇಕು. ಇವನಿಗಾಗಿಯೇ ಯಾರೋ ಹರಸಿ ಮಾಡಿಸಿದಂಥ ಆಯುಧ. ನಾಲ್ಕನ್ನೂ ಹೊಂದಿಸುವಷ್ಟರಲ್ಲಿ ಜೀವಕ್ಕೆ ಹಾಕಲು ಏನೂ ಉಳಿದಿರಲಿಲ್ಲ. ಕತ್ತಿ ಎತ್ತಿದ, ದಾರಿಯ ನಾಯಿಯೊಂದು ಕಚ್ಚಿತು, ಸತ್ತ.

ಒಂದೇ ಒಂದು ಸಲ, ಸ್ಕೈರಿಮ್‌ನಲ್ಲಿ, ಅವನು ಗೆದ್ದದ್ದನ್ನೂ ಕಂಡಿದ್ದೇನೆ. ಆ ಆಟದಲ್ಲಿ ಮಂತ್ರ ಕಟ್ಟುವ ವಿದ್ಯೆಯನ್ನು 100ಕ್ಕೆ ಏರಿಸಿ ನಾಲ್ಕು ತೊಡುಗೆಗಳ ಮೇಲೆ ತಲಾ ಶೇಕಡಾ 25 ರಿಯಾಯಿತಿ ಕಟ್ಟಿಬಿಟ್ಟರೆ ಬೆಂಕಿಯ ಮಂತ್ರಕ್ಕೆ ಖರ್ಚೇ ಇಲ್ಲ. 2013ರ ಪ್ಯಾಚ್ ಆದ ಮೇಲೆ ಲೆವೆಲ್‌ಗೂ ಮಿತಿಯಿಲ್ಲ. ತಾಳ್ಮೆಯಿದ್ದರೆ ಎಲ್ಲ ಪರ್ಕ್‌ಗಳೂ ಸಿಗುತ್ತವೆ. ಏನನ್ನೂ ಬಿಡಬೇಕಿಲ್ಲ. ಎಷ್ಟೋ ತಿಂಗಳು ತಿಣುಕಿ ಅಲ್ಲಿಗೆ ಮುಟ್ಟಿದ. ಡ್ರ್ಯಾಗನ್‌ಗಳು ಸಲೀಸಾಗಿ ಉರುಳಿದವು. ನಾಲ್ಕು ದಿನ ಆಡಲಿಲ್ಲ, ಟೀವಿ ಆರಿಸಿಟ್ಟ. "ಸಪ್ಪೆ ಆಗೋಯ್ತು ಭಾವ."

ನನಗೆ ಆಗ ಹತ್ತನೇ ತರಗತಿ ಮುಗಿದ ಬೇಸಿಗೆ ನೆನಪಾಯಿತು. ಅರ್ಜಿಯಲ್ಲಿ ಮೂರೇ ಚೌಕ: ವಿಜ್ಞಾನ, ವಾಣಿಜ್ಯ, ಕಲೆ. ಹಿಂದೆ ಉದ್ದ ಸರದಿ. ಅಪ್ಪ ಪೆನ್ನಿನ ಮುಚ್ಚಳ ತೆಗೆದು ಕೊಟ್ಟು "ಕಾಮರ್ಸ್" ಅಂದರು, ನಾನು ಗುರುತು ಹಾಕಿದೆ. ಅಲ್ಲಿಂದ ಇಲ್ಲಿಯವರೆಗೆ ಲೆಡ್ಜರು. ಆ ಮೂರು ಚೌಕಗಳ ನಡುವೆ ಅರ್ಧ ಗಂಟೆ ಸುಮ್ಮನೆ ಅಡ್ಡಾಡಲು ಯಾರಾದರೂ ಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಕೊನೆಗೆ ಕಾಮರ್ಸೇ ಆರಿಸುತ್ತಿದ್ದೆನೇನೋ, ಆದರೂ. ಇವನು ಆ ಗಾಡಿಗೆ ಮತ್ತೆ ಮತ್ತೆ ಹತ್ತುವುದು ಗೆಲ್ಲುವ ಆಸೆಗಲ್ಲ. ಹೆಸರು ಕೇಳಿದವನಿಗೆ ಇನ್ನೂ ಉತ್ತರ ಕೊಟ್ಟಿಲ್ಲದ ಆ ಕೆಲವು ನಿಮಿಷಗಳಿಗೆ. ಹಾಗಂತ ಅವನ ಮುಂದೆ ಹೇಳಲಾರೆ, ಹೇಳಿದರೆ ಆಮೇಲೆ ಟೀವಿ ಪೂರ್ತಿ ಅವನದೇ.

ಈಗ ಬಾಲ್ಡರ್ಸ್ ಗೇಟ್ 3 ಎಂಬ ಆಟ ಹಿಡಿದಿದ್ದಾನೆ. ಅದರಲ್ಲಿ ವಿದರ್ಸ್ ಎಂಬ ಅಸ್ಥಿಪಂಜರದಂಥ ಮುದುಕನಿಗೆ 100 ಚಿನ್ನದ ನಾಣ್ಯ ಕೊಟ್ಟರೆ ನಡುವೆ ಯಾವಾಗ ಬೇಕಾದರೂ ಕಸುಬು ಬದಲಿಸಿಕೊಡುತ್ತಾನೆ. ನಮ್ಮವನ ದುಡಿಮೆಯೆಲ್ಲ ಅವನ ಪಾಲು.

ಈ ನಡುವೆ ಹೆಣ್ಣು ನೋಡುವ ಶಾಸ್ತ್ರವೂ ಆಯಿತು. ಹುಡುಗಿಯ ಜೊತೆ ಮಾತಾಡಿ ಬಂದವನು ಪೆಚ್ಚಾಗಿ ಕೂತಿದ್ದ. ಏನಾಯಿತೋ ಅಂದೆ.

"ಅವಳೂ ಅದೇ ಆಟ ಆಡ್ತಾಳಂತೆ ಭಾವ."

"ಒಳ್ಳೇದೇ ಆಯ್ತಲ್ಲ!"

"ಬಾರ್ಬೇರಿಯನ್ ಅಂತೆ. ಶುದ್ಧ ಬಾರ್ಬೇರಿಯನ್. ಎರಡು ನಿಮಿಷದಲ್ಲಿ ಆರಿಸಿ, ಕೊಡಲಿ ಹಿಡ್ಕೊಂಡು ಹೋಗಿ ಆಟಾನೇ ಮುಗಿಸಿದಾಳೆ. ಆ ಪಾತ್ರಕ್ಕೆ ಸಿಟ್ಟು ಬಂದಾಗ ಮಂತ್ರ ಹಾಕೋಕೇ ಬರಲ್ಲ, ಗೊತ್ತಾ? ಹಾಗಾಗಿ ನಾನು ಇನ್ನೂ ಸ್ವಲ್ಪ ಯೋಚನೆ..."

ಅತ್ತೆ ಒಳಗಿನಿಂದ ಬಂದರು. ಈ ಸಲ ಕೈಯಲ್ಲಿ ಸೌಟಿರಲಿಲ್ಲ, ಫೋನಿತ್ತು.

"ಯೋಚನೆ ನೀನು ಮಾಡ್ಕೊಂಡಿರಪ್ಪ. ಅಳಿಯಂದಿರೇ, ಅವರ ತಂದೆ ನಂಬರ್ ಹೇಳಿ."