ಐದು ಗಂಟೆಗೆ ಬಂದ ಕೂಲಿಯಾಳು

ನಮ್ಮ ಬೇಲಿಯಾಚೆಯ ಟೀಚರಮ್ಮ ರಿಟೈರಾದ ಮೇಲೆ ಬಳ್ಳಾರಿ ಕಡೆಯಿಂದ ದೇವಸಮುದ್ರಕ್ಕೆ ಬಂದು ನೆಲೆಸಿದವರು. ಅವರ ಮನೆಯಲ್ಲಿ ಏಸುಸ್ವಾಮಿ, ನಮ್ಮದು ಮಾರಮ್ಮನ ಒಕ್ಕಲು. ದೇವರ ವಿಷಯಕ್ಕೆ ನಮಗೂ ಅವರಿಗೂ ಯಾವತ್ತೂ ಜಗಳವಾಗಿಲ್ಲ. ಆಗೋದೆಲ್ಲ ಬೇಸಾಯದ ವಿಷಯಕ್ಕೆ.

ಸಂಜೆ ಶೇಂಗಾ ಸುಲಿಯುತ್ತಾ ಕೂತರೆ ಬೈಬಲ್ಲಿನ ಒಂದೊಂದೇ ಸಾಮತಿ ತೆಗೆಯುತ್ತಾರೆ. ಮೊದಲು ತೆಗೆದದ್ದು ಬಿತ್ತುವವನ ಕತೆ. ಬೀಜ ಒಂದಿಷ್ಟು ದಾರಿ ಮೇಲೆ ಬಿತ್ತಂತೆ, ಒಂದಿಷ್ಟು ಬಂಡೆ ಮೇಲೆ, ಒಂದಿಷ್ಟು ಮುಳ್ಳಿನೊಳಗೆ. "ಯಾವನಮ್ಮಾ ಅವನು, ದಾರಿ ಮೇಲೆ ಬೀಜ ಚೆಲ್ಲಿದೋನು?" ಅಂದೆ. ಬಿತ್ತನೆ ಶೇಂಗಾಕ್ಕೆ ಸಾಲ ಮಾಡಿದವನಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ನಮ್ಮಲ್ಲಿ ಕೂರಿಗೆ ಹೂಡಿ, ಸಾಲು ಹಿಡಿದು, ಒಂದೊಂದು ಕಾಳೂ ಮಣ್ಣಿನೊಳಗೇ ಬೀಳುವ ಹಾಗೆ ಬಿತ್ತುತ್ತೇವೆ. ಗಲಿಲಾಯದವರು ಕೈಯಲ್ಲಿ ಎರಚಿ ಬಿತ್ತುತ್ತಿದ್ದರಂತೆ, ಅದಕ್ಕೇ ಹಾಗಾಯಿತು ಅಂತ ಟೀಚರಮ್ಮ ಸಮಜಾಯಿಷಿ ಕೊಟ್ಟರು. ಬಂಡೆ ಮೇಲೆ ಬಿದ್ದದ್ದು ಬೇಗ ಮೊಳೆತು ಬೇಗ ಒಣಗಿತು ಅನ್ನುವುದನ್ನು ಮಾತ್ರ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊಳಕಾಲ್ಮೂರು ಸೀಮೆಯಲ್ಲಿ ಗೇಣುದ್ದ ಕೆಂಪು ಮಣ್ಣು ಕೆದಕಿದರೆ ಕೆಳಗೆ ಕಲ್ಲೇ. ಕೊನೆಗೆ ಒಳ್ಳೇ ನೆಲದಲ್ಲಿ ಬಿದ್ದದ್ದು ಒಂದಕ್ಕೆ ಮೂವತ್ತು, ಅರವತ್ತು, ನೂರು ಕೊಟ್ಟಿತಂತೆ. ಒಣಬೇಸಾಯದ ಶೇಂಗಾ ಒಂದಕ್ಕೆ ಹತ್ತು ಕೊಟ್ಟರೆ ನಮಗೆ ಹಬ್ಬ. ನೂರು ಅನ್ನೋದು ದೇವರ ಲೆಕ್ಕವೇ ಸರಿ.

ಗೋಧಿ ಜೊತೆ ಬೆಳೆದ ಕಳೆಯನ್ನು ಸುಗ್ಗಿವರೆಗೂ ಕೀಳಬೇಡಿ ಅಂದ ಯಜಮಾನನ ಕತೆಗೂ ನಾನು ಹೀಗೇ ಹಾರಾಡಿದೆ. ಎಡೆಕುಂಟೆ ಹೊಡೆಯದವನು ಎಂಥ ರೈತ? ಆದರೆ ಆ ಕಳೆ ತೆನೆ ಒಡೆಯೋವರೆಗೂ ಗೋಧಿಯ ಥರವೇ ಕಾಣುತ್ತದಂತೆ. ನವಣೆ ಹೊಲದಲ್ಲಿ ಕಾಡುನವಣೆ ಕಂಡವನಾದ್ದರಿಂದ ಅಲ್ಲಿಗೆ ಸುಮ್ಮನಾದೆ.

ನಿಜವಾದ ರಾದ್ಧಾಂತವಾದದ್ದು ದ್ರಾಕ್ಷಿತೋಟದ ಕೂಲಿಯಾಳುಗಳ ಕತೆಗೆ. ಯಜಮಾನ ಬೆಳಗಿನ ಜಾವ ಕೆಲವರನ್ನು ದಿನಕ್ಕೊಂದು ಬೆಳ್ಳಿ ನಾಣ್ಯಕ್ಕೆ ಒಪ್ಪಿಸಿ ಕರೆದ. ಒಂಬತ್ತಕ್ಕೆ ಮತ್ತಷ್ಟು ಜನ, ಮಧ್ಯಾಹ್ನ ಮತ್ತಷ್ಟು, ಮೂರಕ್ಕೆ ಇನ್ನಷ್ಟು. ಹೊತ್ತು ಮುಳುಗಲು ಒಂದು ತಾಸಿದೆ ಅನ್ನುವಾಗ, ಅಂದರೆ ಐದು ಗಂಟೆಗೆ, ಸಂತೆಬೀದಿಯಲ್ಲಿ ಸುಮ್ಮನೆ ನಿಂತವರನ್ನೂ ಕರೆದ. ಬಟವಾಡೆಯಲ್ಲಿ ಎಲ್ಲರಿಗೂ ಒಂದೊಂದೇ ನಾಣ್ಯ. ಬೆಳಗಿನಿಂದ ಬಿಸಿಲು ಹೊತ್ತವರು ಗೊಣಗಿದರು.

ಅವತ್ತು ನಮ್ಮ ಶೇಂಗಾ ಕಿತ್ತು ಮುಗಿಸಿದ ಹೆಣ್ಣಾಳುಗಳು ಕೂಲಿಗೆಂದು ಅಂಗಳದಲ್ಲೇ ಕೂತಿದ್ದರು. ಕತೆ ಅವರ ಕಿವಿಗೂ ಬಿತ್ತು. ಮುಯ್ಯಾಳಿನ ಸೀಮೆ ಇದು. ನಾನು ನಿನ್ನ ಹೊಲಕ್ಕೆ ಒಂದು ದಿನ ಬಂದರೆ ನೀನು ನನ್ನ ಹೊಲಕ್ಕೆ ಒಂದು ದಿನ ಬರಬೇಕು, ಮಧ್ಯಾಹ್ನಕ್ಕೆ ಬಂದರೆ ಅರ್ಧ ಮುಯ್ಯಿ. ನರೇಗಾದಲ್ಲಂತೂ ಗುಂಡಿಗೆ ಅಳತೆಪಟ್ಟಿ ಇಳಿಸಿ ಮಣ್ಣಿನ ಲೆಕ್ಕಕ್ಕೆ ಕೂಲಿ. ಇಂಥವರ ಮುಂದೆ ಆ ಕತೆ!

"ಹಂಗ್ ಮಾಡಿದ್ರೆ ನಾಳಿಕ್ಕೆ ಯಾವಳೂ ಬೆಳಿಗ್ಗೆ ಬರಾಕಿಲ್ಲ. ಎಲ್ಲಾರೂ ಐದು ಗಂಟಿಗೇ ಬತ್ತಾರೆ" ಅಂದಳು ಒಬ್ಬಳು. ಯಜಮಾನನ ಕೂಲಿ ನೀತಿಗೆ ಇದಕ್ಕಿಂತ ಒಳ್ಳೇ ಟೀಕೆ ನಾನು ಕೇಳಿಲ್ಲ. ಆಗ ಅವರೊಳಗೆ ವಯಸ್ಸಾದವಳು, ಸೊಂಟ ಹಿಡಿದ ಮೇಲೆ ಆಳಿಗೆ ಕರೆಯುವವರು ಕಡಿಮೆಯಾದವಳು, ಸೆರಗಿನ ಗಂಟು ಬಿಚ್ಚಿ ಎಲೆ ಅಡಿಕೆ ತೆಗೆಯುತ್ತಾ ಅಂದಳು: "ಬೆಳಿಗ್ಗೆ ಕೆಲಸ ಸಿಕ್ಕೋಳಿಗೆ ಹೊಟ್ಟೆ ಚಿಂತೆ ಬೆಳಿಗ್ಗೇನೇ ಹೋತು. ಐದು ಗಂಟಿವರ್ಗೂ ಯಾರೂ ಕರೀದಂಗೆ ನಿಂತೋಳ ಗತಿ ಏನು? ಅವಳ ಮನೇಲೇನು ಅರ್ಧ ಒಲೆ ಉರೀತದಾ?"

ಟೀಚರಮ್ಮ ಸುಲಿಯುತ್ತಿದ್ದ ಶೇಂಗಾ ಕೆಳಗಿಟ್ಟರು. ಈ ಕತೆ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೀನಿ, ಒಲೆ ಮಾತು ಯಾವ ಪಾದ್ರಿಯೂ ಆಡಿರಲಿಲ್ಲ ಅಂದರು. ಮೊದಲಿನವಳು ಮಾತ್ರ ಒಪ್ಪಲಿಲ್ಲ. ಈಗಲೂ ಒಪ್ಪಿಲ್ಲ. ಬೆಂಗಳೂರಿಗೆ ಗುಳೆ ಹೋಗಿ ಕೂಲಿಗಾಗಿ ಸರ್ಕಲ್ಲಿನಲ್ಲಿ ನಿಂತು ಬಂದ ಅವಳ ಗಂಡ ಯಾರ ಪಕ್ಷವೆಂದು ಕೇಳಿದೆ. ನಕ್ಕು ಬೀಡಿ ಹಚ್ಚಿದ.

ಬದುಕಿನ ಬುದ್ಧಿಮಾತು ನಮ್ಮ ತಾಲ್ಲೂಕಿಗೆ ಹೊಸದೇನಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕ ಕೆತ್ತಿಸಿದ್ದೂ ಅದೇ: ತಂದೆತಾಯಿಯ ಮಾತು ಕೇಳು, ಪ್ರಾಣಿಗಳಿಗೆ ದಯೆ ತೋರು, ನಿಜ ನುಡಿ, ಗುರುವಿಗೆ ಗೌರವ ಕೊಡು. ಆ ಶಾಸನಗಳನ್ನು 1892ರಲ್ಲಿ ಪತ್ತೆ ಮಾಡಿದ ಬಿ. ಎಲ್. ರೈಸ್ ಲಂಡನ್ ಮಿಷನ್ನಿನ ಪಾದ್ರಿಯ ಮಗ. ಅದೇ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲೇ ಬಳ್ಳಾರಿಗೆ ಬಂದು, ಬೈಬಲನ್ನು ಕನ್ನಡಕ್ಕೆ ತರಲು ಕೂತಿದ್ದ. ಬಂಡೆ ಮೇಲಿನ ಅಪ್ಪಣೆಗೆ ಎದುರು ಹೇಳಲು ಬರುವುದಿಲ್ಲ, ಚಕ್ರವರ್ತಿಯ ಮಾತು. ಏಸುವಿನ ಸಾಮತಿಗಳು ಹಾಗಲ್ಲ. ಕುರಿ, ಕಳೆ, ಕೂಲಿ ಅಂತ ಕೇಳುವವನ ಹೊಲಕ್ಕೇ ಬಂದು ಕಾಲು ಕೆರೆಯುತ್ತವೆ. ತೊಂಬತ್ತೊಂಬತ್ತು ಕುರಿಯನ್ನು ಅಡವಿಯಲ್ಲಿ ಬಿಟ್ಟು ಒಂದನ್ನು ಹುಡುಕಿ ಹೋದವನ ಕತೆಗೆ "ತೋಳ ಬಂದ್ರೆ ಯಾರಪ್ಪ ಜವಾಬ್ದಾರಿ?" ಅನ್ನದ ಕುರಿಗಾಹಿ ನಮ್ಮ ಸೀಮೆಯಲ್ಲಿಲ್ಲ. ಹಾಗೆ ಅಂದವನೇ, ತನ್ನದೊಂದು ಮರಿ ತಪ್ಪಿಸಿಕೊಂಡರೆ ರಾತ್ರಿಯೆಲ್ಲ ಗುಡ್ಡ ಸುತ್ತುತ್ತಾನೆ.

ಪ್ರಸಂಗ ಬರೆಯುವವರು ಈ ತಕರಾರುಗಳನ್ನು ಮೊದಲೇ ಒರೆಸಿ, ಹೊಲವೆಂದರೆ ಹೃದಯ, ಕೂಲಿಯೆಂದರೆ ಕೃಪೆ ಅಂತ ನುಣ್ಣಗೆ ಮಾಡಿಬಿಡುತ್ತಾರೆ. ತಪ್ಪು ಅನ್ನಲಾರೆ, ಆದರೆ ಸಪ್ಪೆ. ನಮ್ಮ ಕನ್ನಡದಲ್ಲೇ ಉತ್ತಂಗಿ ಚನ್ನಪ್ಪನವರು ಪಾದ್ರಿಯಾಗಿದ್ದುಕೊಂಡು ಊರೂರಿನ ಬಾಯಲ್ಲಿದ್ದ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಯಾರನ್ನೂ ಬಿಡದೆ ಕುಟುಕುವ ಸರ್ವಜ್ಞನಿಗೆ ಅಷ್ಟು ಕಿವಿಗೊಟ್ಟ ಪಾದ್ರಿಗೆ, ನಮ್ಮ ಅಂಗಳದ ತಕರಾರು ಖಂಡಿತ ಹಿಡಿಸುತ್ತಿತ್ತು.

ಅದಕ್ಕೇ ಪಾದ್ರಿಗಳಲ್ಲಿ ಒಂದು ಅರಿಕೆ. ದ್ರಾಕ್ಷಿತೋಟದ ಪಾಠ ಬಂದ ಭಾನುವಾರ, ಓದಿದ ತಕ್ಷಣ ಪ್ರಸಂಗಕ್ಕಿಳಿಯಬೇಡಿ. ಹಿಂದಿನ ಸಾಲಿನಲ್ಲಿ ಕೂತ ಕೂಲಿ ಹೆಣ್ಣುಮಕ್ಕಳಿಗೆ ಮೊದಲು ಮಾತಾಡಲು ಬಿಡಿ.