ಮೂರೂಕಾಲು ಗಂಟೆಯ ಕಾವಲು

ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣಕ್ಕೂ ಕ್ಯಾಮೆರಾಕ್ಕೂ ಹಳೇ ನಂಟು. ಇಲ್ಲಿನ ಕುರುಚಲು ಕಾಡಿನಲ್ಲಿ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಅವರ ತಂಡ ಕಟ್ಟಿದ್ದ ಕ್ಯಾಮೆರಾಕ್ಕೆ ಚಿಂಕಾರ ಎಂಬ ಹುಲ್ಲೆ ಸಿಕ್ಕಿತು. 2019ರಲ್ಲಿ ಸರ್ಕಾರ ಅದರ ಹೆಸರಿನಲ್ಲೇ ವನ್ಯಧಾಮ ಘೋಷಿಸಿತು. 2024ರ ಮಾರ್ಚ್‌ನಲ್ಲಿ ಕ್ಯಾಮೆರಾ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗೂ ನುಗ್ಗಿತು. ಈ ಸಲ ಹುಡುಕಾಟ ಇನ್ನೂ ಅಪರೂಪದ ಜೀವಿಗೆ: ಓದಿಕೊಂಡು ಬಂದ ವಿದ್ಯಾರ್ಥಿ.

ವೆಬ್‌ಕಾಸ್ಟಿಂಗ್ ಎಂದರೆ ಇಷ್ಟೇ. ಕೊಠಡಿಯಲ್ಲಿ ಸಿಸಿಟಿವಿ, ದೂರದ ಕಚೇರಿಯಲ್ಲಿ ಪರದೆ, ಪರದೆ ಮುಂದೆ ಕಣ್ಣು ಮಿಟುಕಿಸದೆ ಕೂತ ಸಿಬ್ಬಂದಿ. ಜೂನ್‌ನಿಂದ ಫೆಬ್ರವರಿವರೆಗೆ ಗಣಿತದ ಪೀರಿಯಡ್ಡಿಗೆ ಮೇಷ್ಟ್ರು ಇದ್ದಾರೋ ಇಲ್ಲವೋ ಎಂದು ಇಣುಕದವರು, ಪರೀಕ್ಷೆಯ ಮೂರೂಕಾಲು ಗಂಟೆಯಲ್ಲಿ ಹುಡುಗ ತಲೆ ಕೆರೆದುಕೊಂಡರೂ ಎದ್ದು ಕೂರುತ್ತಾರೆ.

ಹುಡುಗನೇನು ಸಾಚಾ ಅಲ್ಲ. ಓದು ಅಂದರೆ ದಸರೆ ಕಳೀಲಿ ಅಂದ, ಕಡಲೇಕಾಯಿ ಕೀಳೋದು ಮುಗೀಲಿ ಅಂದ, ಸಂಕ್ರಾಂತಿ ಆಗ್ಲಿ ಅಂದ. ಹುಣಸೇಹಣ್ಣು ಬಡಿಯೋ ಹೊತ್ತಿಗೆ ಅಜ್ಜಿಗೇ ಅನುಮಾನ ಬಂತು.

‘ಏನ್ಲಾ ಮಗ, ಪುಸ್ತಕನೇ ಮುಟ್ಟಲ್ವಲ್ಲೋ?’

‘ಪರೀಕ್ಷೆ ಒಂದು ಹೋದ್ರೆ ಎರಡೈತೆ ಕಣಜ್ಜಿ. ಎರಡೂ ಹೋದ್ರೆ ಮೂರೈತೆ.’

ಅವನ ತಪ್ಪಿಲ್ಲ. ವರ್ಷಕ್ಕೆ ಮೂರು ಪರೀಕ್ಷೆ ಮಾಡಿದ್ದು ಇಲಾಖೆ. ‘ನಾಳೆ ನೋಡೋಣ’ ಎಂಬುದಕ್ಕೆ ವೇಳಾಪಟ್ಟಿ ಹಾಕಿಕೊಟ್ಟಿದ್ದೂ ಅದೇ.

ಆದರೆ ಹಾಲ್‌ಟಿಕೆಟ್ ಕೈಗೆ ಬಂದಾಗ ಹೊಟ್ಟೆ ತೊಳಸತೊಡಗಿತು. ಪರೀಕ್ಷೆಯ ಹೊತ್ತಿಗೆ ಕರೆಂಟು ಹೋಗಲಿ ಎಂದು ಮಧುಗಿರಿಯ ದಂಡಿನ ಮಾರಮ್ಮನಿಗೆ ಹರಕೆ ಹೊತ್ತ. ಪಕ್ಕದ ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇರುವಾಗ ಅಮ್ಮನಾದರೂ ಏನು ಮಾಡಿಯಾಳು! ಕೊಠಡಿಯಲ್ಲಿ ರಬ್ಬರ್ ಜಾರಿ ಬೆಂಚಿನಡಿ ಬಿತ್ತು. ಬಗ್ಗಿದರೆ ಚೀಟಿ ಅಂದಾರು. ತಪ್ಪು ಉತ್ತರವನ್ನು ಹಾಗೇ ಬಿಟ್ಟ. ಎತ್ತಿಕೊಡಲು ಮೇಲ್ವಿಚಾರಕರೂ ಬಗ್ಗಲಿಲ್ಲ. ಅವರ ನೌಕರಿಯೂ ಅದೇ ಪರದೆಯಲ್ಲಿತ್ತು. ಕಿಟಕಿಯಿಂದ ಚೀಟಿ ಎಸೆಯುತ್ತಿದ್ದ ಭಾವಂದಿರು ಮಾತ್ರ ರಾತ್ರೋರಾತ್ರಿ ನಿರುದ್ಯೋಗಿಗಳಾದರು.

ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ ಬೆವರಿದ್ದು ಇಲಾಖೆ. ಹಿಂದಿನ ವರ್ಷ 83.89 ಇದ್ದ ಶೇಕಡಾವಾರು ನೆಲಕಚ್ಚುವುದು ಕಂಡದ್ದೇ ತಡ, ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರು. ಅದನ್ನು ಪಡೆಯಲು ಬೇಕಿದ್ದ ಅರ್ಹತಾ ಅಂಕವನ್ನು ಶೇ 35ರಿಂದ 25ಕ್ಕೆ ಇಳಿಸಿದರು. ಇಷ್ಟೆಲ್ಲ ಎತ್ತಿ ಇಳಿಸಿದ ಮೇಲೂ ನಿಂತದ್ದು 73.40ಕ್ಕೆ. ಹುಡುಗ ಪಕ್ಕದವನಿಂದ ಎರಡು ಮಾರ್ಕಿನದ್ದು ನೋಡಿ ಬರೆದರೆ ಡಿಬಾರ್. ಇಲಾಖೆ ಇಡೀ ರಾಜ್ಯಕ್ಕೆ ಮಾರ್ಕು ಹಂಚಿದರೆ ಕೃಪೆ. ಮಾರ್ಕು ಹಂಚಿದ ಕೊಠಡಿಯಲ್ಲಿ ವೆಬ್‌ಕಾಸ್ಟಿಂಗ್ ಇರಲಿಲ್ಲ. ಮುಖ್ಯಮಂತ್ರಿಗಳು ಗದರಿದ ಮೇಲೆ ಮರುವರ್ಷ ಕೃಪೆ ನಿಂತಿತು, ಫಲಿತಾಂಶ ಇನ್ನಷ್ಟು ಜಾರಿತು.

ಕ್ಯಾಮೆರಾ ಬೇಡ ಅಂತಲ್ಲ; ನಕಲು ನಿಂತಿದ್ದು ಒಳ್ಳೆಯದೇ. ಆದರೆ ಕಾಡಿನ ಕ್ಯಾಮೆರಾ ಕಂಡದ್ದನ್ನು ನಂಬಿ ಸರ್ಕಾರ ಚಿಂಕಾರಕ್ಕೆ ಜಾಗ ಕಾಯ್ದಿರಿಸಿತು. ಕೊಠಡಿಯ ಕ್ಯಾಮೆರಾ ಕಂಡದ್ದನ್ನು ಕೃಪಾಂಕ ಹಾಕಿ ಮುಚ್ಚಿತು.

ಹೇಗೂ ಕಾಸು ಸುರಿದು ಕೊಂಡ ಕ್ಯಾಮೆರಾ. ಏಪ್ರಿಲ್‌ನಲ್ಲಿ ಬಟ್ಟೆ ಹೊದಿಸುವ ಬದಲು ಜೂನ್ ಒಂದರಿಂದಲೇ ಹಚ್ಚಿಡಲಿ. ಅತಿಥಿ ಶಿಕ್ಷಕರು ಯಾವ ತಿಂಗಳು ಬಂದರು, ವಿಜ್ಞಾನದ ಪಾಠ ಎಲ್ಲಿಗೆ ನಿಂತಿತು ಎಂಬುದೆಲ್ಲ ನೇರಪ್ರಸಾರವಾಗಲಿ. ಆಗ ಪರದೆ ಮುಂದೆ ಕೂರಲು ಒಬ್ಬ ಸಾಹೇಬರಾದರೂ ಸಿಕ್ಕರೆ, ಅವರಿಗೂ ಶೇ 20 ಕೃಪಾಂಕ ಕೊಡೋಣ.