ಸಾಂಧಣ ಕಂದರಕ್ಕೆ ಡೊಂಬಿವಲಿಯ ಸೊಸೈಟಿಯೊಂದರ ನೋಟಿಸು

ಗೆ,
ಶ್ರೀಮತಿ ಸಾಂಧಣ ಕಂದರ,
ಮುಕ್ಕಾಂ ಸಾಮ್ರದ್, ಭಂಡಾರದರಾ ಜಲಾಶಯದ ಹಿಂಬದಿ, ರತನಗಡದ ನೆರೆ,
ತಾಲೂಕು ಅಕೋಲೆ, ಜಿಲ್ಲೆ ಅಹಿಲ್ಯಾನಗರ, ಮಹಾರಾಷ್ಟ್ರ.

ವಿಷಯ: ಫಾಲ್ಗುಣದ ಶುರುವಿನಲ್ಲಿ ನಿಮ್ಮಲ್ಲಿ ಒಂದು ರಾತ್ರಿ ತಂಗಿದ ನಮ್ಮ ಸದಸ್ಯರಿಗೆ ಆದ ಅನನುಕೂಲಗಳ ಬಗ್ಗೆ.

ಮಾನ್ಯರೇ,

ನಾನು ಡೊಂಬಿವಲಿ ಪೂರ್ವದ ಒಂದು ಹೌಸಿಂಗ್ ಸೊಸೈಟಿಯ ಗೌರವ ಕಾರ್ಯದರ್ಶಿ. ಸಂಬಳವಿಲ್ಲದ, ಬೈಗುಳ ಮಾತ್ರ ತಪ್ಪದೆ ಬರುವ ಹುದ್ದೆ. ನಮ್ಮ ಬಿಲ್ಡಿಂಗಿನ ಕನ್ನಡದ ಮನೆಯವರು, ಅವರ ಥಾಣೆಯ ಭಾವಂದಿರು, ಕಲ್ಯಾಣದ ಷಡ್ಡಕರು, ನೆರೂಳಿನ ಅತ್ತಿಗೆ ಮತ್ತು ಅತ್ತಿಗೆಯ ಆಫೀಸಿನವರು ಸೇರಿ ಪ್ರಕೃತಿಯ ಮಡಿಲಲ್ಲಿ ಒಂದು ರಾತ್ರಿ ಕಳೆಯೋಣವೆಂದು ನಿಮ್ಮನ್ನು ಆರಿಸಿಕೊಂಡೆವು. ವಾಟ್ಸಾಪಿನಲ್ಲಿ ಬಂದ ಪೋಸ್ಟರಿನಲ್ಲಿ ನೀವು ಬಹಳ ಚೆನ್ನಾಗಿ ಕಾಣಿಸುತ್ತಿದ್ದಿರಿ. ಎದುರಿಗೆ ನೋಡಿದ ಮೇಲೆ ಈ ಪತ್ರ ಬರೆಯುವುದು ಅನಿವಾರ್ಯವಾಯಿತು.

ನಿಮ್ಮ ವಿಳಾಸವೇ ಮೊದಲ ತೊಂದರೆ. ಲಾಸ್ಟ್ ಕಸಾರಾ ಲೋಕಲ್ ಹಿಡಿಯಬೇಕು, ಅದೂ ಶುಕ್ರವಾರ ನಡುರಾತ್ರಿ. ಆ ಗಾಡಿಯಲ್ಲಿ ಮನೆಗೆ ಹೋಗುವವರು ಎಷ್ಟೋ, ಬೆನ್ನಿಗೆ ಚೀಲ, ಚೀಲಕ್ಕೆ ಸುರುಳಿ ಸುತ್ತಿದ ಚಾಪೆ ಕಟ್ಟಿಕೊಂಡ ಚಾರಣಿಗರು ಅಷ್ಟೇ. ದಿನಗೆಲಸ ಮುಗಿಸಿ ಶಹಾಡ್, ಟಿಟ್ವಾಳಾ, ವಾಸಿಂದ್‌ಗಳಲ್ಲಿ ಇಳಿಯಬೇಕಾದ ಪಾಪದವರು ನಮ್ಮ ಚೀಲಗಳ ಕೆಳಗಿನಿಂದ ತೂರಿ ಬಾಗಿಲು ಸೇರುತ್ತಿದ್ದರು. ಅವರಲ್ಲೊಬ್ಬ, "ಇಷ್ಟು ಹೊತ್ತಿನಲ್ಲಿ ಎಲ್ಲಿಗೆ?" ಎಂದ. "ಶಾಂತಿ ಹುಡುಕಿಕೊಂಡು" ಎಂದೆವು. ನಿದ್ದೆ ಹುಡುಕಿಕೊಂಡು ಹೊರಟಿದ್ದ ಅವನು ಮರುಮಾತಾಡಲಿಲ್ಲ.

ಕಸಾರಾದಿಂದ ಜೀಪು. ಘಾಟಿ ಹತ್ತಿ ಇಗತಪುರಿ, ಘೋಟಿ, ಅಲ್ಲಿಂದ ತಿರುಗಿ ಭಂಡಾರದರಾ. 1926ರಲ್ಲಿ ಮುಗಿದ ವಿಲ್ಸನ್ ಅಣೆಕಟ್ಟು ಪ್ರವರಾ ನದಿಯನ್ನು ತಡೆದು ಮಾಡಿದ ಕೆರೆಯನ್ನು ಸುತ್ತು ಹಾಕಿ ಬೆಳಗಾಗುವ ಹೊತ್ತಿಗೆ ಸಾಮ್ರದ್ ಸೇರಿದೆವು. ದಾರಿಯುದ್ದಕ್ಕೂ ಮುತ್ತುಗ ಕೆಂಪಗೆ ಹೂ ಬಿಟ್ಟು ನಿಂತಿತ್ತಂತೆ. ನಾವೆಲ್ಲ ತೂಕಡಿಸುತ್ತಿದ್ದೆವು, ಆದ್ದರಿಂದ ಅದರ ಬಗ್ಗೆ ದೂರು ಇಲ್ಲ.

ಈಗ ನಿಮ್ಮ ಆವರಣದ ವಿಷಯ. ಎರಡೂ ಕಡೆ ಇನ್ನೂರು ಅಡಿಗೂ ಮೇಲ್ಪಟ್ಟ ಗೋಡೆ ಎಬ್ಬಿಸಿ ನಡುವೆ ಕೆಲವೆಡೆ ಕೈ ಚಾಚಿದರೆ ಎರಡೂ ಬದಿ ತಾಗುವಷ್ಟೇ ಜಾಗ ಬಿಟ್ಟಿದ್ದೀರಿ. ಗಾಳಿ ಬೆಳಕಿಗೆ ಅವಕಾಶವಿಲ್ಲ. ನಡು ಮಧ್ಯಾಹ್ನ ಬಿಟ್ಟರೆ ತಳಕ್ಕೆ ಬಿಸಿಲು ಇಳಿಯುವುದೇ ಅಪರೂಪ. ಇಂಥ ನಕಾಶೆಗೆ ನಿಮಗೆ ಮಂಜೂರಾತಿ ಕೊಟ್ಟವರು ಯಾರು? ಇಂಥದ್ದೇ ಎರಡು ಬಿಲ್ಡಿಂಗುಗಳ ನಡುವಿನ ಸಂದಿನಲ್ಲಿ ನಾವು ದಿನಾ ಬಟ್ಟೆ ಒಣಗಿಸುತ್ತೇವೆ, ಅದಕ್ಕೆ ಯಾರೂ ಟಿಕೆಟು ಇಟ್ಟಿಲ್ಲ.

ನಮ್ಮ ಟ್ರೆಜರರ್ ಮೊಬೈಲಿನಲ್ಲಿ ನೋಡಿ ಹೇಳಿದರು: ನೀವು ಕೂತಿರುವ ಬಸಾಲ್ಟ್ ಬಂಡೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರ ಪದರವಾಗಿ ಹರಿದು ತಣಿದದ್ದು. ಆಮೇಲೆ ಆ ಬಂಡೆಯಲ್ಲಿ ಬಿರುಕು ಬಿದ್ದು, ಬಿರುಕಿಗೆ ಮಳೆನೀರು ನುಗ್ಗಿ, ಪ್ರತಿ ಮಳೆಗಾಲವೂ ಇಷ್ಟಿಷ್ಟೇ ಕೊರೆಯುತ್ತ ಕೊರೆಯುತ್ತ ನೀವು ಆದಿರಿ. ಅಂದರೆ, ಶ್ರೀಮತಿಯವರೇ, ನಿಮ್ಮ ಇಡೀ ಅಸ್ತಿತ್ವವೇ ಒಂದು ಲೀಕೇಜು. ನಮ್ಮಲ್ಲಿ ಮೇಲಿನ ಮನೆಯ ಬಾತ್‌ರೂಮಿನಿಂದ ಕೆಳಗಿನ ಮನೆಯ ಛಾವಣಿಗೆ ಅಂಗೈಯಗಲ ತೇವ ಬಂದರೆ ರಿಜಿಸ್ಟ್ರಾರರ ತನಕ ಹೋಗುತ್ತಾರೆ. ನೀವು ಇಷ್ಟು ಕಾಲ ಸೋರಿಸಿಕೊಂಡೇ ಕೂತಿದ್ದೀರಿ, ವಾಟರ್‌ಪ್ರೂಫಿಂಗಿಗೆ ಒಂದು ಕೊಟೇಶನ್ ಕೂಡ ತರಿಸಿಲ್ಲ! 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ನಿಮ್ಮ ಆಡಿಟ್ ರಿಪೋರ್ಟ್ ಎಲ್ಲಿ?

ಒಳಗೆ ಎರಡು ಕಡೆ ನೀರು ನಿಂತಿದೆ. ಬಿಸಿಲು ಕಾಣದ ನೀರು, ಮಂಜುಗಡ್ಡೆ. ಚಳಿಗಾಲದ ಶುರುವಿನಲ್ಲಿ ಎದೆಮಟ್ಟ ಇರುತ್ತದಂತೆ, ನಾವು ಹೋದಾಗ ಇಳಿದು ಸೊಂಟದ ಹತ್ತಿರ ಬಂದಿತ್ತು. ಶೂ ಕೈಯಲ್ಲಿ, ಮೊಬೈಲು ತಲೆಯ ಮೇಲೆ, ಬಾಯಲ್ಲಿ ದೇವರ ಹೆಸರು. ಬಿ ವಿಂಗಿನ ಅಕ್ಕ ಆ ಕಡೆ ದಾಟಿ ಮೊದಲು ಕೇಳಿದ್ದು "ಗೀಝರ್ ಇಲ್ವಾ?" ಎಂದು. ಪೋಸ್ಟರಿನಲ್ಲಿ ಇದನ್ನೇ 'ಥ್ರಿಲ್ಲಿಂಗ್ ವಾಟರ್ ಸೆಕ್ಷನ್' ಎಂದು ಹಾಕಿದ್ದರು, ಅದು ಪ್ಯಾಕೇಜಿನಲ್ಲಿ ಸೇರಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನೀರಿನಲ್ಲಿ ನಡೆಯುವುದಕ್ಕೆ ನಾವು ದುಡ್ಡು ಕೊಟ್ಟಿದ್ದೆವು. ಈ ಸಂಗತಿಯನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಲ್ಲಿಂದ ಮುಂದೆ ಬರೀ ಬಂಡೆ. ಒಂದರ ಮೇಲೊಂದು ಹೇಗೆ ಬಿತ್ತೋ ಹಾಗೇ ಬಿಟ್ಟಿದ್ದೀರಿ, ಡೆಬ್ರಿ ಎತ್ತಿಸಿಲ್ಲ. ಆದರೆ ಹಗ್ಗ ಹಿಡಿದು ಇಳಿಯುವ ಜಾಗಕ್ಕೆ ಬಂದಾಗ ಮಾತ್ರ ನಮಗೆ ಜೀವ ಬಂತು. ಅಲ್ಲಿ ಕ್ಯೂ ಇತ್ತು! ಥಾಣೆಯ ಒಂದು ತಂಡ, ಪುಣೆಯ ಎರಡು, ನಾಸಿಕದ ಕಾಲೇಜು ಹುಡುಗರು, ಒಂದು ಕಂಪನಿಯ 'ಟೀಮ್ ಬಿಲ್ಡಿಂಗ್'. ಹಾರ್ನೆಸ್ ಕಟ್ಟಿಕೊಂಡು ಎಲ್ಲರೂ ಸಾಲಾಗಿ ಕೂತಿದ್ದರು. ಮೂವರು ಕೂರುವ ಬಂಡೆಯಲ್ಲಿ ನಾವು ಲೋಕಲಿನಲ್ಲಿ ಮಾಡುವಂತೆ ಸರಾಗವಾಗಿ ಫೋರ್ತ್ ಸೀಟ್ ಮಾಡಿಕೊಂಡೆವು, ಪುಣೆಯವರಿಗೆ ಈ ವಿದ್ಯೆ ಬರುವುದಿಲ್ಲ. "ಜರಾ ಸರಕಾ" (ಸ್ವಲ್ಪ ಸರಿಯಿರಿ) ಎಂಬ ಕೂಗು ನಿಮ್ಮ ಗೋಡೆಗಳ ನಡುವೆ ಮೊಳಗಿದಾಗ ತವರಿಗೆ ಬಂದಂತಾಯಿತು. ಗುಂಪಿನಿಂದ ತಪ್ಪಿಸಿಕೊಂಡು ಬಂದು ಗುಂಪಿನಲ್ಲೇ ಕೂತಿದ್ದೀರಲ್ಲ ಎಂದು ಯಾರಾದರೂ ವ್ಯಂಗ್ಯವಾಡಬಹುದು. ಅವರು ಡೊಂಬಿವಲಿಯಲ್ಲಿ ಎಂದೂ ಗಾಡಿ ಹತ್ತಿದವರಲ್ಲ.

ಹಗ್ಗ ಬಿಗಿದು ಒಬ್ಬೊಬ್ಬರನ್ನೇ ಇಳಿಸುತ್ತಿದ್ದವನು ಸಾಮ್ರದಿನ ಹುಡುಗ, ಮಹಾದೇವ ಕೋಳಿ ಸಮುದಾಯದವನು. ನಾವು ಹಾಕಿದ್ದ ಶೂಗಳ ಬೆಲೆಯನ್ನು ನಾವೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ಅವನ ಕಾಲಲ್ಲಿ ರಬ್ಬರ್ ಚಪ್ಪಲಿ, ಬೆನ್ನ ಮೇಲೆ ನಮ್ಮ ಡೇರೆ, ಅದರ ಮೇಲೆ ನಮ್ಮ ಅಡುಗೆ ಪಾತ್ರೆ. ನಮ್ಮವರೊಬ್ಬರು ಅವನಿಗೆ ಬೆಟ್ಟ ಇಳಿಯುವ ಸರಿಯಾದ ಕ್ರಮ ವಿವರಿಸಿದರು. ಅವನು ಕೊನೆತನಕ ಕೇಳಿಸಿಕೊಂಡ. ಪೋಸ್ಟರಿನಲ್ಲಿ 'ಎಕ್ಸ್‌ಪರ್ಟ್ ಲೀಡರ್' ಎಂದು ಫೋಟೊ ಸಹಿತ ಇದ್ದವರು ಬೇರೆ, ಅವರು ರೀಲ್ಸ್ ತೆಗೆಯುವುದರಲ್ಲಿದ್ದರು.

ರಾತ್ರಿಯ ವ್ಯವಸ್ಥೆ ಬಗ್ಗೆ ಹೇಳಲೇಬೇಕು. ಕತ್ತಲೆಗೆ ಮಿತಿ ಬೇಡವೇ? ಡೇರೆಯಿಂದ ತಲೆ ಹೊರಗೆ ಹಾಕಿದರೆ ಮೇಲೆ ಒಂದು ಪಟ್ಟಿಯಷ್ಟೇ ಆಕಾಶ, ಅಷ್ಟರಲ್ಲೇ ಅತಿಯಾಗಿ ನಕ್ಷತ್ರ. ಹಗಲು ಬೆವರಿಳಿಸಿ ರಾತ್ರಿ ಹಲ್ಲು ಕಡಿಸುವ ನಿಮ್ಮ ಹವೆ ಯಾವ ಋತುವಿಗೆ ಸೇರಿದ್ದೆಂದು ತಿಳಿಯಲಿಲ್ಲ. ನೆಟ್‌ವರ್ಕ್ ಒಂದು ಗೆರೆಯೂ ಇಲ್ಲ. ಬೇಸರ ಕಳೆಯಲು ಸ್ಪೀಕರ್ ಹಚ್ಚಿ ಅಂತ್ಯಾಕ್ಷರಿ ಆಡಿದೆವು. ನೀವು ಮಧ್ಯೆ ಬಾಯಿ ಹಾಕಿ ನಾವು ಹಾಡಿದ್ದನ್ನೇ ತಿರುಗಿ ಹಾಡುತ್ತಿದ್ದಿರಿ, ಆಟದ ನಿಯಮ ಅದಲ್ಲ. ಅಷ್ಟರಲ್ಲಿ ಆ ಹುಡುಗ ಬಂದು ಮೇಲಿನ ಗೋಡೆಗೆ ಟಾರ್ಚ್ ಬಿಡದೆ ಬರೀ ಬೆರಳು ತೋರಿಸಿ, "ಆಗ್ಯಾ ಮೋಹೋಳ" ಎಂದ. ಹೆಜ್ಜೇನಿನ ಹಲ್ಲೆಗಳು. ಸ್ಪೀಕರ್ ತಾನಾಗಿಯೇ ನಿಂತಿತು. ಅನುಮತಿ ಇಲ್ಲದೆ ಕಾಮನ್ ಏರಿಯಾದಲ್ಲಿ ಇಷ್ಟೊಂದು ನೊಣ ಸಾಕಿರುವುದು ಬೈಲಾದ ಉಲ್ಲಂಘನೆ. ಇದು ಕಳಸೂಬಾಯಿ–ಹರಿಶ್ಚಂದ್ರಗಡ ಅಭಯಾರಣ್ಯ ಎಂದು ಅವನು ಸಮಜಾಯಿಷಿ ಹೇಳಿದ. ಅಭಯ ನೊಣಗಳಿಗೆ ಮಾತ್ರವೇ?

ಊಟ ಪರವಾಗಿಲ್ಲ. ಪಿಠ್ಲ, ಅಕ್ಕಿ ಭಾಕರಿ, ಠೇಚಾ. ಸಾರು ಇರಲಿಲ್ಲವೆಂದು ಸಿ ವಿಂಗಿನ ಅಜ್ಜ ಮುನಿಸಿಕೊಂಡರು. ಎಪ್ಪತ್ತು ದಾಟಿದ ಅವರು ಇಷ್ಟು ದೂರ ಇಳಿದದ್ದೇ ಹೆಚ್ಚು ಎಂದು ನಾವು ಬೆನ್ನು ತಟ್ಟಿದರೆ, ಊರಲ್ಲಿ ಶಾಲೆಗೆ ಹೋಗಲು ಇದಕ್ಕಿಂತ ಕೆಟ್ಟ ದಾರಿ ಇತ್ತು, ಅಲ್ಲಿ ಯಾರೂ ಸರ್ಟಿಫಿಕೇಟ್ ಕೊಡುತ್ತಿರಲಿಲ್ಲ ಎಂದರು. ಹಿರಿಯರ ಮಾತು, ಬಿಡಿ.

ಬಣ್ಣಗಳ ವಿಷಯದಲ್ಲೂ ನೀವು ಹಿಂದುಳಿದಿದ್ದೀರಿ. ಬೆಳಿಗ್ಗೆಯಿಂದ ಸಂಜೆತನಕ ಕಪ್ಪು ಕಲ್ಲು, ಅಂಚಿನಲ್ಲಿ ಒಣಹುಲ್ಲು. ನಮ್ಮ ಊರಿಗೆ ಒಮ್ಮೆ ಬಂದು ನೋಡಿ. ಕೈಗಾರಿಕಾ ವಲಯದ ದಯೆಯಿಂದ 2014ರ ಜನವರಿಯಲ್ಲಿ ನಮ್ಮಲ್ಲಿ ಹಸಿರು ಮಳೆ ಬಿದ್ದಿದೆ, 2020ರ ಫೆಬ್ರುವರಿಯಲ್ಲಿ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿದೆ. ವಸಂತ ಎಂದರೆ ಅದು!

ಇಷ್ಟೆಲ್ಲ ಕೊರತೆಗಳಿಗೆ ನಮ್ಮ ಕಮಿಟಿ ಒಂದು ಪರಿಹಾರ ಸೂಚಿಸುತ್ತದೆ: ರೀಡೆವಲಪ್‌ಮೆಂಟ್. ಎರಡು ಬದಿಯ ಗೋಡೆ ಹೇಗೂ ಸಿದ್ಧವಿದೆ, ಮೇಲೊಂದು ಸ್ಲ್ಯಾಬ್ ಹಾಕಿದರೆ ಅರ್ಧ ಕೆಲಸ ಮುಗಿಯಿತು. ತಳದಲ್ಲಿ ಪೋಡಿಯಂ ಪಾರ್ಕಿಂಗ್, ಮೊದಲ ಹೊಂಡಕ್ಕೆ ಸ್ವಿಮ್ಮಿಂಗ್ ಪೂಲ್ ಎಂಬ ಬೋರ್ಡು, ಹಗ್ಗದ ಜಾಗದಲ್ಲಿ ಎಸ್ಕಲೇಟರ್. ಹೆದರಬೇಡಿ, ಬೆಟ್ಟಗಳ ವಿಷಯದಲ್ಲಿ ನಮ್ಮ ಕಡೆಯವರಿಗೆ ಕೈ ಪಳಗಿದೆ. ಪಾರ್ಸಿಕ್ ಗುಡ್ಡಕ್ಕೆ ಬ್ರಿಟಿಷರ ಕಾಲದಲ್ಲೇ ರೈಲು ಸುರಂಗ ಕೊರೆದಾಗಿದೆ. ನವಿ ಮುಂಬಯಿಯಲ್ಲಿ ವಿಮಾನ ನಿಲ್ದಾಣಕ್ಕೆ ಅಡ್ಡ ಬಂದ ಉಳವೆ ಗುಡ್ಡವನ್ನು ಸಿಡಿಸಿ ಸಪಾಟು ಮಾಡಿ, ಪಕ್ಕದ ಉಳವೆ ನದಿಗೆ ಬೇರೆ ದಾರಿ ತೋರಿಸಿದರು. ಥಾಣೆಯಿಂದ ಬೊರಿವಲಿಗೆ ರಾಷ್ಟ್ರೀಯ ಉದ್ಯಾನದ ಅಡಿಯಲ್ಲೇ ಜೋಡಿ ಸುರಂಗದ ಕೆಲಸ ನಡೆದಿದೆ. ನಿಮ್ಮ ನೆರೆಯ ಇಗತಪುರಿಯನ್ನೇ ಕೇಳಿ: ಸಮೃದ್ಧಿ ಹೆದ್ದಾರಿಗಾಗಿ ಅಲ್ಲಿ ಸುಮಾರು 8 ಕಿ.ಮೀ. ಸುರಂಗ ಹೊಡೆದು 2025ರ ಜೂನಿನಲ್ಲಿ ತೆರೆದರು, ಅರ್ಧ ಗಂಟೆಯ ಘಾಟಿ ಕೆಲವೇ ನಿಮಿಷಕ್ಕೆ ಇಳಿಯಿತು. ನೀವು ಕೋಟಿಗಟ್ಟಲೆ ವರ್ಷ ಕೂತು ಮಾಡಿದ ಕೆಲಸವನ್ನು ಟೆಂಡರ್ ಕರೆದರೆ ನಾಲ್ಕೈದು ವರ್ಷದಲ್ಲಿ ಮುಗಿಸಿಕೊಡುವವರಿದ್ದಾರೆ. ಘೋಡ್‌ಬಂದರ್ ರಸ್ತೆಯಲ್ಲಿ 'ಹಿಲ್ ವ್ಯೂ' ಎಂದು ಮಾರಿದ ಬಾಲ್ಕನಿಗಳಿಗೆ ಎದುರಿನ ಟವರಿನ ಬಾಲ್ಕನಿ ಕಾಣಿಸುತ್ತಿದೆ, ಅವರೆಲ್ಲರೂ ನಿಮ್ಮಲ್ಲಿ ಫ್ಲಾಟ್ ಬುಕ್ ಮಾಡುತ್ತಾರೆ.

ಇನ್ನೊಂದು ಘಟನೆ ಇದೆ. ಇದನ್ನು ದಾಖಲಿಸಬೇಕೇ ಬೇಡವೇ ಎಂದು ಕಮಿಟಿಯಲ್ಲಿ ಚರ್ಚೆಯಾಯಿತು. ಎರಡನೆಯ ದಿನ ನಿಮ್ಮ ಬಾಲದಿಂದ ಹೊರಬಿದ್ದು ದೇಹಣೆಯ ಕಡೆ ಇಳಿದೆವು. ಅಲ್ಲಿಂದ ಶಹಾಪುರ ತಾಲೂಕು, ಥಾಣೆ ಜಿಲ್ಲೆ. ಅಂದರೆ ನಾವು ನಮ್ಮ ಜಿಲ್ಲೆಯಲ್ಲೇ ಇದ್ದೆವು. ಒಂದು ಪಾಡದ, ಅಂದರೆ ಪುಟ್ಟ ಹಟ್ಟಿಯ, ಹತ್ತಿರ ಬಾವಿ ಕಂಡು ಶೂ ತೊಳೆಯೋಣವೆಂದು ಓಡಿದೆವು. ಬಾವಿಯ ಸುತ್ತ ಹೆಂಗಸರು, ಹುಡುಗಿಯರು, ತಾಮ್ರದ, ಸ್ಟೀಲಿನ ಎಷ್ಟೋ ಹಂಡೆಗಳು. ತಳದಲ್ಲಿ ನೀರು ಒರತೆಯಾಗುವುದನ್ನು ಕಾಯುತ್ತಿದ್ದರು. ನಮ್ಮನ್ನು ಕರೆದೊಯ್ಯಲು ಬಂದ ಗಾಡಿಯ ಸದ್ದು ಕೇಳಿ ಅವರೆಲ್ಲ ಒಮ್ಮೆಲೇ ಎದ್ದು ರಸ್ತೆಯ ಕಡೆ ನೋಡಿದರು. ಒಬ್ಬಾಕೆ ಹಂಡೆ ಎತ್ತಿಕೊಂಡು ನಾಲ್ಕು ಹೆಜ್ಜೆ ಬಂದೂ ಬಿಟ್ಟಳು. ಗಾಡಿ ತಿರುವು ದಾಟಿದ ಮೇಲೆ ಸಾಮ್ರದಿನ ಹುಡುಗನನ್ನು ಕೇಳಿದಳು: "ಟ್ಯಾಂಕರ್ ಅಲ್ವಾ?"

ಅಲ್ಲ, ಟೆಂಪೊ ಟ್ರಾವೆಲರ್. ಏಸಿ.

ಶಹಾಪುರ ತಾಲೂಕಿನಲ್ಲೇ 1892ರ ತಾನಸಾ ಕೆರೆ ಇದೆ, ಭಾತಸಾ ಅಣೆಕಟ್ಟು ಇದೆ. ಅಲ್ಲಿಂದ ಕೊಳವೆ ಹಿಡಿದು ನೀರು ಮುಂಬಯಿಗೆ ಓಡುತ್ತದೆ, ಭಾತಸಾದ್ದು ಥಾಣೆಗೂ. ಅದೇ ತಾಲೂಕಿನ ಹಳ್ಳಿಗಳಿಗೆ ಹೋಳಿ ಬರುವಷ್ಟರಲ್ಲಿ ಟ್ಯಾಂಕರ್ ಕಾಯುವ ಕಾಲ. ಅಜ್ಜ ಇದನ್ನು ಗಟ್ಟಿಯಾಗಿ ಹೇಳಿದಾಗ ಡೊಂಬಿವಲಿಯವರು ನಾವು ಕೂಡಲೇ ಸ್ಪಷ್ಟೀಕರಣ ಕೊಟ್ಟೆವು: ನಮ್ಮ ನಲ್ಲಿಗೆ ಬರುವುದು ಉಲ್ಹಾಸ್ ನದಿಯ ನೀರು, ಬಾರವಿ ಅಣೆಕಟ್ಟಿನ ಲೆಕ್ಕ, ನಮಗೂ ಇದಕ್ಕೂ ಸಂಬಂಧವಿಲ್ಲ. ನೆರೂಳಿನ ಅತ್ತಿಗೆ, ನಮ್ಮದು ಸ್ವಂತ ಮೋರಬೆ ಅಣೆಕಟ್ಟು ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ಥಾಣೆಯ ಭಾವಂದಿರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಗಾಡಿಯಲ್ಲಿ ಯಾರೂ ತೆರೆಯದ ಬಿಸ್ಲರಿ ಪೆಟ್ಟಿಗೆಯೊಂದು ಕಾಲಡಿ ಉರುಳಾಡುತ್ತಿತ್ತು. ಅದನ್ನು ಇಳಿಸಿ ಕೊಡೋಣವೇ ಎಂದು ಯಾರೋ ಅಂದರು, ಅಷ್ಟರಲ್ಲಿ ಆಸನ್‌ಗಾಂವ್ ಲೋಕಲಿನ ಟೈಮಾಗಿತ್ತು.

ಆದ್ದರಿಂದ ಶ್ರೀಮತಿಯವರೇ, ಸೊಂಟಮಟ್ಟದ ನೀರನ್ನು ಸಾಹಸ ಎಂದು ಮಾರುತ್ತ, ಅದೇ ಗುಡ್ಡದ ಬುಡದಲ್ಲಿ ಹಂಡೆ ಹೊತ್ತು ನಡೆಯುವವರಿಗೆ ಸರ್ಟಿಫಿಕೇಟೂ ಕೊಡದೆ, ಟೀ ಶರ್ಟೂ ಕೊಡದೆ ಇರುವ ನಿಮ್ಮ ತಾರತಮ್ಯದ ನೀತಿಗೆ ವಿವರಣೆ ಕೊಡಬೇಕು. ಈ ನೀತಿ ನಿಮ್ಮದಲ್ಲ, ಪೋಸ್ಟರ್ ಮಾಡಿದವರದು ಎಂದು ನೀವು ಜಾರಿಕೊಳ್ಳಬಹುದು. ಪೋಸ್ಟರ್ ಮಾಡಿದವರು ಗಿರಾಕಿಗಳ ಕಡೆ ಕೈ ತೋರಿಸಬಹುದು. ಈ ದಿಕ್ಕಿನಲ್ಲಿ ತನಿಖೆ ಮುಂದುವರಿಸುವುದು ಸೂಕ್ತವಲ್ಲವೆಂದು ಕಮಿಟಿ ಸರ್ವಾನುಮತದಿಂದ ಠರಾವು ಮಾಡಿದೆ. ವಿರೋಧಿಸಿದ ಅಜ್ಜನನ್ನು ಎಣಿಸಿಲ್ಲ.

ನಾವು ನಿಮ್ಮಲ್ಲಿ ಬಿಟ್ಟುಬಂದ ವಸ್ತುಗಳು: ಮ್ಯಾಗಿ ಪೊಟ್ಟಣಗಳು, ಒಂದು ಸೆಲ್ಫಿ ಸ್ಟಿಕ್ಕು, ಒದ್ದೆ ಸಾಕ್ಸುಗಳು, ಬಂಡೆಯ ಮೇಲೆ ಸುಣ್ಣದಕಡ್ಡಿಯಿಂದ ಬರೆದ ಎರಡು ಹೆಸರು (ಈ ಜೋಡಿಯ ವಿಷಯ ಅವರ ಮನೆಗಳಿಗೆ ಗೊತ್ತಿಲ್ಲ, ಆದಷ್ಟು ಬೇಗ ಅಳಿಸಿರಿ). ಮಳೆಗಾಲದಲ್ಲಿ ನೀವು ಯಾರನ್ನೂ ಒಳಗೆ ಬಿಡದೆ ಮೇಲಿಂದ ಕೆಳಗೆ ನೀರು ನುಗ್ಗಿಸಿ ಎಲ್ಲವನ್ನೂ ಕೊಚ್ಚಿಹಾಕುತ್ತೀರೆಂದು ಆ ಹುಡುಗ ಹೇಳಿದ. ಒಳ್ಳೆಯ ವ್ಯವಸ್ಥೆ. ನಮ್ಮ ಸೊಸೈಟಿಗೂ ಇಂಥ ಕಾಂಟ್ರಾಕ್ಟರ್ ಬೇಕಾಗಿದ್ದಾರೆ. ರೇಟು ತಿಳಿಸಿ.

ಹದಿನೈದು ದಿನದೊಳಗೆ ಉತ್ತರ ಬಾರದಿದ್ದರೆ ನಾವು ಮತ್ತೆ ಬರುತ್ತೇವೆ. ಈ ಸಲ ಎರಡು ಬಸ್ಸು.

ಇಂತು ತಮ್ಮ ವಿಶ್ವಾಸಿ,
ಗೌರವ ಕಾರ್ಯದರ್ಶಿ

ಪ್ರತಿಗಳು:
ರತನಗಡಕ್ಕೆ: ತಮ್ಮ ನೆತ್ತಿಯ ಬಂಡೆಯಲ್ಲಿರುವ ದೊಡ್ಡ ತೂತನ್ನು ಬೇಗ ಪ್ಲಾಸ್ಟರ್ ಮಾಡಿಸಿಕೊಳ್ಳುವ ಬಗ್ಗೆ.
ಕಳಸೂಬಾಯಿ ಶಿಖರಕ್ಕೆ: 1646 ಮೀಟರ್ ಎತ್ತರದ, ರಾಜ್ಯದಲ್ಲೇ ಎಲ್ಲರಿಗಿಂತ ದೊಡ್ಡ ಸ್ಥಾನದಲ್ಲಿದ್ದೂ ಜಂಭಪಡದೆ ಕಬ್ಬಿಣದ ಏಣಿ ಹಾಕಿಸಿಕೊಂಡಿದ್ದಕ್ಕೆ ಅಭಿನಂದನೆ. ಲಿಫ್ಟಿನ ಬಗ್ಗೆ ಪ್ರತ್ಯೇಕವಾಗಿ ಬರೆಯಲಾಗುವುದು.
ಶಹಾಪುರ ತಾಲೂಕಿನ ಆ ಬಾವಿಗೆ: ಪ್ರತಿ ಕಳಿಸುವುದು ಬೇಡವೆಂದು ತೀರ್ಮಾನಿಸಲಾಗಿದೆ. ಪತ್ರವ್ಯವಹಾರ ಶುರುವಾದರೆ ಅವರೂ ಹಳೇ ಬಾಕಿಯ ಬಿಲ್ಲು ಕಳಿಸಬಹುದೆಂದು ಟ್ರೆಜರರ್ ಅಭಿಪ್ರಾಯಪಟ್ಟಿದ್ದಾರೆ.